ಹಡಗು ನುಂಗದ ತೊಟ್ಟಿಲು

ಸಾಮಾನು ಕಟ್ಟುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹಾನಗಲ್ಲ ತಾಲೂಕಿನಲ್ಲಿ ಯಾರೂ ಇಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ನಂಬುವುದಕ್ಕೆ ಆಧಾರವೂ ಇತ್ತು. ತಿಳವಳ್ಳಿಯಿಂದ ಹಾವೇರಿಯವರೆಗೆ ಬಸ್ಸಿನ ಟಾಪಿನ ಮೇಲೆ ಒಂದು ಕೊಡ ತುಪ್ಪ ಒಯ್ದು, ಹನಿ ಚೆಲ್ಲದೆ ಇಳಿಸಿದವನು ನಾನು. ಮೇಲಾಗಿ ಹೈಸ್ಕೂಲು ಮುಗಿಸಿದ್ದೆ. ಊರಿಗೆ ತಾರು ಬಂದರೆ ಓದಿಸಿಕೊಳ್ಳಲು ನನ್ನ ಕಟ್ಟೆಗೇ ಬರುತ್ತಿದ್ದರು. ಇಂಥವನಿಗೆ ಹಡಗಿನ ಪ್ರಯಾಣಕ್ಕೆ ಏನು ಒಯ್ಯಬೇಕು, ಏನು ಬಿಡಬೇಕು ಎಂಬುದು ಒಂದು ಪ್ರಶ್ನೆಯೇ?

ಗೋವಾ ನಮ್ಮದಾಗಿ ಎರಡೋ ಮೂರೋ ವರ್ಷವಾಗಿದ್ದ ಕಾಲ. ನನ್ನ ಹೆಂಡತಿ ಶಂಕ್ರವ್ವನ ತಂಗಿ ಗಿರಿಜಾ ಮುಂಬಯಿಯಲ್ಲಿ ಚೊಚ್ಚಲು ಹೆತ್ತಿದ್ದಳು. ಹೆರಿಗೆ ತವರಲ್ಲಿ ಆಗಬೇಕಿತ್ತು. ಡಾಕ್ಟರು ಪ್ರಯಾಣ ಬೇಡವೆಂದದ್ದರಿಂದ ಅಲ್ಲೇ ಆಯಿತು. ಅಕ್ಕತಂಗಿಯರಿಗೆ ತಂದೆತಾಯಿ ಇಲ್ಲ, ಹೀಗಾಗಿ ತವರು ಅಂದರೆ ನಾವೇ. ನಮ್ಮ ಕಡೆ ಚೊಚ್ಚಲ ಕೂಸಿನ ತೊಟ್ಟಿಲು ತವರಿನಿಂದಲೇ ಹೋಗಬೇಕು. ಬಂಗಾರ ಕಡಿಮೆಯಾದರೆ ನಡೆದೀತು, ಉಂಡಿ ಕಡಿಮೆಯಾದರೂ ನಡೆದೀತು. ತೊಟ್ಟಿಲು ಬರದಿದ್ದರೆ ಆ ಹೆಣ್ಣುಮಗಳು ಅತ್ತೆಯ ಮನೆಯಲ್ಲಿ ತಲೆ ಎತ್ತುವಂತಿಲ್ಲ.

ಗಿರಿಜಾ ಕಾಗದ ಬರೆದಿದ್ದಳು. ಹೆಂಡತಿಗೆ ಓದಿ ಹೇಳಿದವನು ನಾನೇ. "ಅಕ್ಕಾ, ನಮ್ಮವ್ವನ ತೊಟ್ಟಿಲಾ ತಗೊಂಡ ಬಾ. ನಮ್ಮತ್ತಿ ದಿನಾ ಕೇಳ್ತಾರ, ತಂದಿ ತಾಯಿ ಇಲ್ಲದಾಕಿಗೆ ತೊಟ್ಟಿಲಾ ಯಾರು ತರ್ತಾರ ಅಂತ. ನಮ್ಮಕ್ಕ ತರ್ತಾಳ ಅಂತ ಹೇಳೇನಿ."

ಶಂಕ್ರವ್ವ ಅಟ್ಟದಿಂದ ತೊಟ್ಟಿಲು ಇಳಿಸಿ, ಎಣ್ಣೆ ಒರೆಸಿ, ಗೋಣಿತಾಟು ಸುತ್ತಿ, ದಬ್ಬಣ ಹಿಡಿದು ತಾನೇ ಹೊಲಿದಳು. ಸಾಗವಾನಿಯ ತೊಟ್ಟಿಲು, ನಾಲ್ಕು ಮೂಲೆಗೆ ನಾಲ್ಕು ಅರಗಿನ ಗಿಳಿ, ತೂಗುಹಾಕಲು ಸರಪಳಿ. ಅಕ್ಕತಂಗಿಯರಿಬ್ಬರೂ ಅದರಲ್ಲೇ ಮಲಗಿ ಬೆಳೆದವರು. ಅವಳ ತಯಾರಿ ಅಲ್ಲಿಗೆ ಮುಗಿಯಿತು. ನನ್ನದು ಶುರುವಾಯಿತು.

ಗಿರಿಜಾಳ ಗಂಡ, ಅಂದರೆ ನನ್ನ ಷಡ್ಡಕ ಈರಪ್ಪ, ಮುಂಬಯಿ ಬಂದರಿನಲ್ಲಿ ಗುಮಾಸ್ತ. ರೈಲಿನಲ್ಲಿ ಬನ್ನಿ, ಇಲ್ಲವೆ ಪಣಜಿಯಿಂದ ಸ್ಟೀಮರಿನಲ್ಲಿ ಬನ್ನಿ ಎಂದು ಅವನು ಬರೆದಿದ್ದ. ರೈಲೇ ಸಾಕೆಂದು ಹೆಂಡತಿ ಹೇಳಿದಳು. ರೈಲಿನಲ್ಲಿ ಯಾರು ಬೇಕಾದರೂ ಹೋಗುತ್ತಾರೆ. ತಿಳವಳ್ಳಿಯಿಂದ ಹಡಗು ಹತ್ತಿದ ಮೊದಲ ಮನುಷ್ಯ ಎಂಬ ಪದವಿ ಖಾಲಿ ಬಿದ್ದಿರುವಾಗ ನಾನು ರೈಲಿನಲ್ಲಿ ಹೋಗಲೇ?

ಸುದ್ದಿ ಹರಡಿದ್ದೇ ತಡ, ಸಮುದ್ರವನ್ನೇ ನೋಡದ ನಾಲ್ಕು ತಾಲೂಕುಗಳು ನನಗೆ ಸಲಹೆ ಕೊಡಲು ಎದ್ದು ನಿಂತವು. ಇದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಹಡಗಿನ ಗಾಳಿಗೆ ಧೋತರ ನಿಲ್ಲುವುದಿಲ್ಲವೆಂದು ಸವಣೂರಿನ ಸಿಂಪಿ ಆಣೆ ಮಾಡಿ ಹೇಳಿ ನನಗೆ ಪ್ಯಾಂಟು ಹೊಲಿದ. ಅದು ಕೂತರೆ ಬಿಗಿ, ಎದ್ದರೆ ಸಡಿಲ. ಯುದ್ಧದ ಕಾಲದಲ್ಲಿ ಹಡಗಿನಲ್ಲಿ ಹೋಗಿ ಬಂದೆನೆಂದು ಹೇಳಿಕೊಳ್ಳುವ ಹಿರೇಕೆರೂರಿನ ಹವಾಲ್ದಾರ ತನ್ನ ಉಣ್ಣೆಯ ಕೋಟು ಕೊಟ್ಟ. ಸಮುದ್ರದ ಮೇಲೆ ರಕ್ತ ಹೆಪ್ಪುಗಟ್ಟುತ್ತದಂತೆ. ಮೇ ತಿಂಗಳು ಎಂದು ನಾನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಉಪ್ಪು ನೀರಿನ ಊರಿನಲ್ಲಿ ಕುಡಿಯಲು ಏನು ಮಾಡುತ್ತೀರಿ ಎಂದು ನೆರೆಯವರು ಹೆದರಿಸಿದರು. ಘಾಸಲೇಟಿನ, ಅಂದರೆ ಸೀಮೆಎಣ್ಣೆಯ, ಡಬ್ಬಿ ತಿಕ್ಕಿ ತೊಳೆಸಿ, ತಿಳವಳ್ಳಿ ಕೆರೆಯ ನೀರು ತುಂಬಿಸಿ ಬೆಸುಗೆ ಹಾಕಿಸಿದೆ. ಎಲ್ಲಕ್ಕೂ ಮಿಗಿಲಾಗಿ, ಶಿಗ್ಗಾಂವಿಯ ಗ್ಯಾರೇಜಿನಿಂದ ಲಾರಿಯ ಹಳೆಯ ಟ್ಯೂಬೊಂದನ್ನೂ ಗಾಳಿ ಹಾಕುವ ಪಂಪನ್ನೂ ತಂದೆ. ಹಡಗು ಮುಳುಗಿದರೆ ನಾವಿಬ್ಬರೂ ಹಿಡಿದುಕೊಳ್ಳಬಹುದು. ಇದು ನನ್ನ ಸ್ವಂತ ಬುದ್ಧಿ, ಯಾರ ಸಲಹೆಯೂ ಅಲ್ಲ.

ಹುಲಗೂರಿನಲ್ಲಿ ಹಡಗಿನಲ್ಲೇ ಹಜ್‌ಗೆ ಹೋಗಿ ಬಂದ ಮುದುಕರೊಬ್ಬರಿದ್ದರು. ಹಡಗಿನ ಅನುಭವ ನಿಜವಾಗಿ ಇದ್ದವರು ಅವರೊಬ್ಬರೇ ಎನ್ನಬೇಕು. ನನ್ನ ಪಟ್ಟಿಯನ್ನು ಪೂರಾ ಕೇಳಿಸಿಕೊಂಡು ಅವರು ನಿಧಾನಕ್ಕೆ ಹೇಳಿದರು.

"ಒಂದು ಹಾಸಿಗಿ, ನಾಕ ಲಿಂಬಿಹಣ್ಣು ಸಾಕ ನೋಡ್ರಿ ಸಾಹೇಬ್ರ. ಮಂದಿಗೆ ಅಂತ ಒಯ್ಯೂದನ್ನ ಮೊದಲ ಕಟ್ಕೋರಿ. ನಿಮ್ಮದು ಆಮ್ಯಾಲ."

ಈ ಮುದುಕರಿಗೆ ಏನೂ ತಿಳಿಯದು ಎಂದು ನನಗೆ ಅನ್ನಿಸಿತು.

ಪಣಜಿಯವರೆಗೆ ಹೋಗಲಾದರೂ ಗೋವಾ ಕಡೆಯ ರೈಲು ಹಿಡಿಯಲೇಬೇಕಿತ್ತು; ಅದಕ್ಕಾಗಿ ಯಲವಿಗಿ ಸ್ಟೇಷನ್ನಿಗೆ ಬಂಡಿಯಲ್ಲಿ ಬಂದು ಸಾಮಾನು ಇಳಿಸಿದಾಗ ನಿಜವಾದ ಪರೀಕ್ಷೆ ಎದುರಾಯಿತು. ಹಡಗಿನ ಕಂಪನಿಯ ಸೂಚನಾಪತ್ರ ನನ್ನ ಜೇಬಿನಲ್ಲಿತ್ತು. ಡೆಕ್ಕಿನ ಪ್ರಯಾಣಿಕರು ಹಗುರವಾದ ಸಾಮಾನು ಮಾತ್ರ ತರತಕ್ಕದ್ದು ಎಂದು ಅದು ಇಂಗ್ಲಿಷಿನಲ್ಲಿ ಖಡಾಖಂಡಿತವಾಗಿ ಹೇಳಿತ್ತು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೀರುವುದು ನಮ್ಮ ಕಾಲದವರಿಗೆ ಸುಲಭವಿರಲಿಲ್ಲ. ಏನನ್ನಾದರೂ ಬಿಡಲೇಬೇಕು. ಶಂಕ್ರವ್ವ ಹೆಂಗಸರ ಡಬ್ಬಿ ನಿಲ್ಲುವ ಕಡೆ ಹೋಗಿದ್ದಳು. ಕೋಟು ಬಿಟ್ಟರೆ ರಕ್ತ ಹೆಪ್ಪುಗಟ್ಟುತ್ತದೆ. ನೀರು ಬಿಟ್ಟರೆ ಗಂಟಲು ಒಣಗುತ್ತದೆ. ಟ್ಯೂಬು ಬಿಟ್ಟರೆ ಪ್ರಾಣವೇ ಹೋಗುತ್ತದೆ. ಇನ್ನು ಉಳಿದದ್ದು ತೊಟ್ಟಿಲು. ಮುಂಬಯಿಯಲ್ಲಿ ತೊಟ್ಟಿಲಿಗೇನು ಬರಗಾಲವೇ?

ಸ್ಟೇಷನ್ನಿನ ಎದುರಿಗೆ ಕಿರಾಣಿ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಬಸೆಟ್ಟೆಪ್ಪನ ಪಡಸಾಲೆಯಲ್ಲಿ ಅದನ್ನು ಇಳಿಸಿದೆ. ವಾಪಸು ಬರುವಾಗ ಒಯ್ಯುತ್ತೇನೆ ಎಂದೆ. ಮುಂಬಯಿಯ ವಿಳಾಸವನ್ನೂ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಪರಊರಿನಲ್ಲಿ ನಮಗೂ ನಾಲ್ಕು ಕಾಗದ ಬರಬೇಕಲ್ಲ! ರೈಲು ಹೊರಟ ಮೇಲೆ ಹೆಂಡತಿ ಕಿಟಕಿಯಿಂದ ತೊಟ್ಟಿಲು ಹತ್ತಿತೇ ಎಂದು ಕೂಗಿ ಕೇಳಿದಳು. ಹತ್ತಿತು ಎಂದೆ. ಇಳಿದು ಬದಲಿಸಿದಲ್ಲೆಲ್ಲ ಕೇಳಿದಳು. ಲಗೇಜಿನಲ್ಲಿ ಕೊಟ್ಟಿದೆ, ಮುಂಬಯಿಯಲ್ಲೇ ಇಳಿಸಿಕೊಳ್ಳಬೇಕು ಎಂದೆ. ಹೈಸ್ಕೂಲು ಮುಗಿಸಿದವನ ಮಾತು ಎಂದು ಪಾಪ, ನಂಬಿದಳು.

ಹಡಗಿನ ವಿಷಯದಲ್ಲಿ ನನಗೆ ಆದ ಅನ್ಯಾಯಗಳನ್ನು ಸ್ವಲ್ಪ ಕೇಳಿ. ಡೆಕ್ಕಿನ ಮೇಲೆ ಸಿಹಿನೀರಿನ ನಲ್ಲಿ ಇತ್ತು. ಇದನ್ನು ಸೂಚನಾಪತ್ರದಲ್ಲಿ ಬರೆಯಬಾರದಿತ್ತೇ? ಡೆಕ್ಕಿನ ಅಂಚಿನ ಕಂಬಿಯ ಕಠಡಿಯ ಉದ್ದಕ್ಕೂ ತೇಲುವ ಉಂಗುರಗಳನ್ನು ಸಾಲಾಗಿ ತೂಗುಹಾಕಿದ್ದರು. ಅದನ್ನೂ ಬರೆಯಲಿಲ್ಲ! ಹಡಗು ಪಣಜಿಯ ಹೊಳೆ ದಾಟಿ ಸಮುದ್ರಕ್ಕೆ ಬಿದ್ದು ಒಮ್ಮೆ ಹೊಯ್ದಾಡಿದ ಕೂಡಲೆ ನಾನು ಟ್ಯೂಬು ಹೊರಗೆ ತೆಗೆದು ಪಂಪು ಹೊಡೆಯತೊಡಗಿದೆ. ಅದು ಊದಿಕೊಂಡು ಐದು ಜನ ಮಲಗುವ ಜಾಗವನ್ನು ಆಕ್ರಮಿಸಿತು. ಹಡಗಿನ ಸಿಬ್ಬಂದಿಯವನೊಬ್ಬ ಬಂದು ಇದು ಏನೆಂದು ಹಿಂದಿಯಲ್ಲಿ ವಿಚಾರಿಸಿದ. ಮುಳುಗಿದರೆ ಬೇಕಾಗುತ್ತದೆ ಎಂದು ನಾನು ಗಂಭೀರವಾಗಿ ಉತ್ತರಿಸಿದೆ. ಸುತ್ತಲಿನ ಹೆಂಗಸರು ಅಳಲು ಶುರುಮಾಡಿದರು. ಅವನು ಟ್ಯೂಬನ್ನು ಜಪ್ತಿ ಮಾಡಿಕೊಂಡು ಹೋದ. ನಾಗರಿಕನ ಸ್ವತ್ತನ್ನು ಹೀಗೆ ಒಯ್ಯಬಹುದೇ?

ಆಮೇಲೆ ನನ್ನ ಹೊಟ್ಟೆ ತಿರುಗಿತು. ಉಣ್ಣೆಯ ಕೋಟಿನೊಳಗೆ ಬೆಂದು, ಕಠಡಿಯ ಮೇಲೆ ಬಾಗಿ, ಸಮುದ್ರಕ್ಕೆ ನನ್ನ ಹೊಟ್ಟೆಯಲ್ಲಿದ್ದ ರೊಟ್ಟಿಯನ್ನೆಲ್ಲ ಸಮರ್ಪಿಸಿದೆ. ನಾಲ್ಕನೆಯ ಸಲ ಬಾಗಿದಾಗ ಸವಣೂರಿನ ಪ್ಯಾಂಟು ಹಿಂದಿನಿಂದ ಎರಡು ಹೋಳಾಯಿತು. ಶಂಕ್ರವ್ವ ಮಾತ್ರ ಕಂಬಕ್ಕೆ ಒರಗಿ, ಬುತ್ತಿ ಬಿಚ್ಚಿ, ಶೇಂಗಾ ಚಟ್ನಿ ಹಚ್ಚಿಕೊಂಡು ಆನಂದದಿಂದ ಊಟ ಮಾಡಿದಳು.

ಹಡಗು ನಿಲ್ಲುವ ಮುಂಬಯಿಯ ಧಕ್ಕೆಗೆ ಈರಪ್ಪ ಬಂದಿದ್ದ. ಸಾಮಾನೆಲ್ಲ ಇಳಿಯಿತು. ಶಂಕ್ರವ್ವ ಎಣಿಸಿದಳು. ಮತ್ತೊಮ್ಮೆ ಎಣಿಸಿ ನನ್ನ ಮುಖ ನೋಡಿದಳು. ಆಗಲೇ ನಿಜ ಹೇಳಿದ್ದರೆ ಬೈಸಿಕೊಂಡು ಮುಗಿಯುತ್ತಿತ್ತು. ಈ ವಯಸ್ಸಿನಲ್ಲಿ ಇದನ್ನು ಬರೆಯುವ ಅಗತ್ಯವೂ ಬೀಳುತ್ತಿರಲಿಲ್ಲ. ಆದರೆ ನನ್ನ ಬಾಯಿಂದ ಬಂದದ್ದು ಇದು.

"ಈ ಹಡಗಿನವ್ರು ತೊಟ್ಟಿಲಾ ಕಳದಾರ."

ಹೇಳಿದ್ದೇ ತಡ, ನನಗೆ ನಿಜವಾಗಿಯೂ ಸಿಟ್ಟು ಬಂತು. ಇಷ್ಟು ಹಣ ತೆಗೆದುಕೊಂಡು ಒಂದು ಕೂಸಿನ ತೊಟ್ಟಿಲನ್ನು ಕಾಯಲಾರದ ಇವರೆಂಥ ಜನ! ಧಕ್ಕೆಯ ಮೇಲೆ ನಿಂತು ಕೂಗಾಡಿದೆ. ಟ್ಯೂಬು ಕಸಿದುಕೊಂಡವರು ತೊಟ್ಟಿಲು ಬಿಟ್ಟಾರೆಯೇ ಎಂದೆ. ತರ್ಕ ಎಷ್ಟು ಸರಿಯಾಗಿತ್ತೆಂದರೆ ನನಗೇ ನಂಬಿಕೆ ಬಂತು.

ಚಾಳಿನ ಕೋಣೆಯಲ್ಲಿ ಗಿರಿಜಾ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ವಿಷಯ ತಿಳಿದ ಮೇಲೆ ಅವಳು ಅಳಲಿಲ್ಲ. ಹೋಗಲಿ ಬಿಡಕ್ಕಾ ಎಂದಳು. ಅವಳ ಅತ್ತೆ ತಟ್ಟೆಯಲ್ಲಿ ಅಡಿಕೆ ಹಿಡಿದುಕೊಂಡು ಬಂದು, ಅಂಥದ್ದೊಂದು ತೊಟ್ಟಿಲು ನಿಮ್ಮ ಮನೆಯಲ್ಲಿ ಇದ್ದದ್ದು ಹೌದೇ ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಶಂಕ್ರವ್ವನ ಕೈ ಅಡಿಕೆಯ ತಟ್ಟೆಯ ಮೇಲೆ ಹಾಗೇ ನಿಂತುಬಿಟ್ಟಿತು. ಹೊಸ ತೊಟ್ಟಿಲು ಕೊಂಡು ತರುತ್ತೇನೆ ಎಂದು ನಾನು ಉದಾರವಾಗಿ ಸಾರಿದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಈರಪ್ಪ ಬಂದರಿನ ಮನುಷ್ಯ, ಬಿಡುವವನಲ್ಲ. ಮರುದಿನವೇ ಕಂಪನಿಯ ಆಫೀಸಿಗೆ ಕರೆದೊಯ್ದು ತಕರಾರು ಅರ್ಜಿ ಬರೆಸಿದ. ನಾನು ಬರೆದ ಅರ್ಜಿ ನಾಲ್ಕು ಪುಟವಾಯಿತು. "ಘೋರ ಅನ್ಯಾಯ" ಎಂಬ ಶಬ್ದವನ್ನು ಇಂಗ್ಲಿಷಿನಲ್ಲಿ ಮೂರು ವಿಧದಲ್ಲಿ ಬರೆದಿದ್ದೆ. ಅವರು ಗೋದಾಮೆಲ್ಲ ಹುಡುಕಿಸಿದರು. ನಮ್ಮ ಸಾಮಾನು ಹೊತ್ತ ಹಮಾಲನನ್ನು ಕರೆಸಿ ನನ್ನೆದುರಿಗೆ ನಿಲ್ಲಿಸಿದರು. ನನ್ನ ಅಪ್ಪನ ವಯಸ್ಸಿನವನು. ತೊಟ್ಟಿಲು ಕದ್ದು ನಾನೇನು ಮಾಡಲಿ, ನನ್ನ ಮೊಮ್ಮಕ್ಕಳೂ ದೊಡ್ಡವರಾದರು ಎಂದು ಮರಾಠಿಯಲ್ಲಿ ಹೇಳಿ ಕೈ ಮುಗಿದ. ನಾನು ಸೂರು ನೋಡಿದೆ. ಸಿಟ್ಟು ಎಲ್ಲಿ ಹೋಯಿತೋ ಕಾಣೆ, ಹುಡುಕಿದರೂ ಸಿಗಲಿಲ್ಲ.

ನಾಮಕರಣಕ್ಕೆ ಇನ್ನು ಐದು ದಿನವಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಅಂಚೆಯವನು ಒಂದು ಕಾರ್ಡು ಎಸೆದು ಹೋದ. ನನ್ನ ಹೆಸರಿಗೆ ಬಂದದ್ದು. ಊರಿನ ಸುದ್ದಿ ಎಲ್ಲರೂ ಕೇಳಲಿ ಎಂದು ಈರಪ್ಪ ಗಟ್ಟಿಯಾಗಿ ಓದಿದ.

"ಶರಣು. ನೀವು ನಮ್ಮಲ್ಲೆ ಇಟ್ಟು ಹೋದ ತೊಟ್ಟಿಲಾ ಸುರಕ್ಷಿತ ಐತಿ. ನನ್ನ ಮಗಳು ಬಾಣಂತನಕ್ಕ ಬಂದಾಳ. ಆಕಿ ಕೂಸು ಅದರಾಗ ಭಾಳ ಛಲೋ ಮಲಗತೈತಿ. ನೀವು ಬರೂತನಕಾ ಬಳಸಿದ್ರ ನಡೀತೈತೇನು, ತಿಳಸ್ರಿ. ಲಾರಿ ಟ್ಯೂಬ್ ಉಪಯೋಗಕ್ಕ ಬಂತೇನು?"

ಬಸೆಟ್ಟೆಪ್ಪ ಅಂಥ ಸಜ್ಜನ. ಒಂದು ಮಾತು ಕೇಳದೆ ಬಳಸಬಾರದಿತ್ತೇ ಅವನು! ಸಜ್ಜನರಿಂದ ನನಗೆ ಆದಷ್ಟು ಹಾನಿ ದುರ್ಜನರಿಂದ ಆಗಿಲ್ಲ.

ಗಿರಿಜಾಳ ಅತ್ತೆ ಮೊದಲು ಬಾಯಿ ಬಿಟ್ಟಳು. "ಪಾಪ, ಹಡಗಿನವ್ರು ಎಷ್ಟ ಹುಡುಕ್ಯಾರೋ ಏನೋ."

ಶಂಕ್ರವ್ವ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಗಂಗಾಳ ಸರಿಸಿ, ಕೈ ತೊಳೆದು ಬಂದು ಹೇಳಿದಳು.

"ನಾಮಕರಣ ಇನ್ನ ಐದ ದಿನ ಐತಿ. ರೈಲಿನ್ಯಾಗ ಹೋಗ್ರಿ, ತೊಟ್ಟಿಲಾ ತಗೊಂಡ ಬರ್ರಿ."

ಜೊತೆಗೆ ಏನು ಒಯ್ಯಲಿ ಎಂದು ನಾನು ಅಭ್ಯಾಸಬಲದಿಂದ ಕೇಳಿಬಿಟ್ಟೆ.

"ಏನೂ ಬ್ಯಾಡ. ನೀವೊಬ್ರ ಭಾರ ಸಾಕು."

ಹೋಗುವ ಮೊದಲು ಕಂಪನಿಯ ಆಫೀಸಿಗೆ ಹೋಗಿ ಅರ್ಜಿ ವಾಪಸು ತೆಗೆದುಕೊಂಡೆ. ಹಮಾಲನನ್ನು ಹುಡುಕಿ ತಪ್ಪಾಯಿತು ಎಂದೆ. ಅವನು ನಕ್ಕು, ತೊಟ್ಟಿಲು ಸಿಕ್ಕಿತಲ್ಲ, ಅಷ್ಟು ಸಾಕು ಎಂದ. ಆ ನಗುವಿನ ಬದಲು ಅವನು ಎರಡು ಬಾರಿಸಿದ್ದರೆ ನನಗೆ ಇಷ್ಟು ವರ್ಷ ನೆನಪು ಉಳಿಯುತ್ತಿರಲಿಲ್ಲ.

ಉಟ್ಟ ಬಟ್ಟೆಯಲ್ಲಿ ಯಲವಿಗಿಯಲ್ಲಿ ಇಳಿದೆ. ಬಸೆಟ್ಟೆಪ್ಪನ ಮೊಮ್ಮಗಳನ್ನು ನಿದ್ದೆಯಿಂದ ಎಬ್ಬಿಸಿ, ಜಂತಿಗೆ ಕಟ್ಟಿದ್ದ ತೊಟ್ಟಿಲನ್ನು ಕೊಂಡಿಯಿಂದ ಬಿಡಿಸಿ, ತಲೆಯ ಮೇಲೆ ಹೊತ್ತು, ಮೊದಲು ಬಂದ ರೈಲಿಗೇ ಹತ್ತಿದೆ. ಕೂಸು ಅತ್ತದ್ದು ಪ್ಲಾಟ್‌ಫಾರ್ಮಿನವರೆಗೆ ಕೇಳುತ್ತಿತ್ತು. ಮುಂಬಯಿಯವರೆಗೆ ತೊಟ್ಟಿಲನ್ನು ನೆಲಕ್ಕೆ ಇಡಲಿಲ್ಲ. ಪುಣೆಯಲ್ಲಿ ಯಾರೋ ಕೂಸು ಎಲ್ಲಿ ಎಂದು ಕೇಳಿದರು. ತೊಟ್ಟಿಲನ್ನು ಇನ್ನೊಂದು ತೊಡೆಗೆ ಸರಿಸಿಕೊಂಡೆ.

ನಾಮಕರಣದ ದಿನ ಬೆಳಿಗ್ಗೆ ಚಾಳಿನ ಮೆಟ್ಟಿಲು ಹತ್ತಿದೆ. ಹೆಂಗಸರು ಸೇರಿದ್ದರು. ಗಿರಿಜಾ ಎದ್ದು ಬಂದು, ನಾಲ್ಕೂ ಗಿಳಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿ, ತಲೆ ಎತ್ತಿ, "ಇದ ನೋಡ್ರಿ ನಮ್ಮವ್ವನ ತೊಟ್ಟಿಲಾ" ಎಂದಳು. ಅತ್ತೆ ಅದರ ಅಂಚು ಸವರಿದಳು. ನನ್ನ ಎದೆ ಉಬ್ಬಿತು. ಎಲ್ಲ ಪಾಪ ತೊಳೆದುಹೋಯಿತು ಎಂದುಕೊಂಡೆ.

"ಸರಪಳಿ ಎಲ್ಯವ?" ಎಂದಳು ಶಂಕ್ರವ್ವ.

ಸರಪಳಿ ಬಸೆಟ್ಟೆಪ್ಪನ ಜಂತಿಯಲ್ಲಿ ತೂಗುತ್ತಿದ್ದವು.

ಮುಹೂರ್ತ ಹತ್ತಿರ ಬಂದಿತ್ತು. ಧೋತರ ಹೊಸೆದು ಕಟ್ಟಿದರೆ ಆದೀತು ಎಂದು ಹಿರಿಯಳೊಬ್ಬಳು ಸೂಚಿಸಿದಳು. ಈರಪ್ಪ ತನ್ನವೆರಡು ಧೋತರ ತಂದ. ಶಂಕ್ರವ್ವ ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ. ತವರಿಂದು ಅಂದ ಮ್ಯಾಲ ಎಲ್ಲಾ ತವರಿಂದ ಇರ್ಲಿ."

ನನ್ನವು ಎರಡು ಇದ್ದವು. ಒಂದು ಟ್ರಂಕಿನಲ್ಲಿ, ಒಂದು ಮೈಮೇಲೆ.

ಹೀಗಾಗಿ ಆ ಕೂಸಿನ ನಾಮಕರಣವನ್ನು ನಾನು ನೋಡಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಪಂಚೆಯಷ್ಟೂ ಅಗಲವಿಲ್ಲದ ಒಂದು ಟವೆಲು ಸುತ್ತಿಕೊಂಡು, ಜೋಗುಳವನ್ನು ಕೇಳಿದೆ. ಹೊಸ ಸರಪಳಿ ತಂದ ಮೇಲೆ ಧೋತರ ಬಿಚ್ಚಿಕೊಡುತ್ತೇನೆ ಎಂದು ಶಂಕ್ರವ್ವ ಬಾಗಿಲ ಸಂದಿಯಿಂದ ಹೇಳಿ ಹೋದಳು. ಸರಪಳಿಯನ್ನು ಬೇರೆ ಯಾರೂ ತರಕೂಡದು, ನಾನೇ ಪೇಟೆಗೆ ಹೋಗಿ ತರಬೇಕು ಎಂದೂ ಹೇಳಿದಳು.