ಪಟ್ಟಿಯಲ್ಲಿ ಎಂಬತ್ತು ಗಣಪತಿ

ದೇವರು ನಮಗೆ ಬೇಕಾದದ್ದನ್ನು ತಿಳಿದು ಕೊಡುತ್ತಾನೆ. ಕಂಪ್ಯೂಟರು ನಾವು ಕೇಳಿದ್ದನ್ನಷ್ಟೇ ಕೊಡುತ್ತದೆ. ಇವರಿಬ್ಬರ ನಡುವೆ ಇರುವ ಈ ಸಣ್ಣ ವ್ಯತ್ಯಾಸದಿಂದಾಗಿ ನಮ್ಮ ವರ್ಕ್‌ಶಾಪಿನಲ್ಲಿ ಆಗಾಗ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಬನ್ನಿಮಂಟಪದಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಕಬ್ಬಿಣದ ಟೇಬಲ್ಲು, ಬೆಂಚು, ರ‍್ಯಾಕು ಮಾಡುತ್ತಾರೆ. ನನ್ನ ಕೆಲಸ ಮಹಡಿಯ ಮೇಲೆ, ಕಂಪ್ಯೂಟರಿನ ಮುಂದೆ. ಒಂದು ಟೇಬಲ್ ಅಂದರೆ ಅದರ ಪ್ರತಿ ಪೈಪು, ಪ್ರತಿ ತಗಡು, ಪ್ರತಿ ಬೋಲ್ಟನ್ನೂ ಪರದೆಯ ಮೇಲೆ ಬಿಡಿಬಿಡಿಯಾಗಿ ಮಾಡಿ ಜೋಡಿಸಬೇಕು. ಆಮೇಲೆ ಒಂದು ಬಟನ್ ಒತ್ತಿದರೆ ಸಾಕು, ಯಾವ ಸಾಮಾನು ಎಷ್ಟು ಬೇಕು, ಯಾವ ಪೈಪನ್ನು ಎಷ್ಟು ಉದ್ದಕ್ಕೆ ಕತ್ತರಿಸಬೇಕು ಎನ್ನುವ ಪಟ್ಟಿ ತಾನಾಗಿ ಬರುತ್ತದೆ. ಆ ಪಟ್ಟಿ ನೋಡಿಕೊಂಡು ಸ್ಟೋರಿನ ಅಕ್ಕ ಸಾಮಾನು ತರಿಸುತ್ತಾರೆ, ಮೇಸ್ತ್ರಿ ಕತ್ತರಿಸಿ ವೆಲ್ಡ್ ಮಾಡುತ್ತಾನೆ. ಪಟ್ಟಿಯಲ್ಲಿ ಇದ್ದದ್ದು ಆಗಲೇಬೇಕು, ಇಲ್ಲದ್ದು ಆಗಕೂಡದು. ಇದು ವರ್ಕ್‌ಶಾಪಿನ ಯಜಮಾನರ ಕಟ್ಟುನಿಟ್ಟು.

ಊಟಕ್ಕೆ ಹೋದವನು

ಒಮ್ಮೆ ಒಂದು ವಾಚನಾಲಯಕ್ಕೆ ಓದುವ ಟೇಬಲ್ ಮಾಡುತ್ತಿದ್ದೆವು. ಕೂತವರ ಮೊಣಕಾಲು ಕೆಳಗೆ ತಾಗುತ್ತದೋ ಏನೋ ಎಂದು ನೋಡಲು, ಕಂಪ್ಯೂಟರಿನಲ್ಲೇ ಸಿಗುವ ಒಂದು ಮನುಷ್ಯನ ಆಕೃತಿಯನ್ನು ತಂದು ಟೇಬಲ್ಲಿನ ಮುಂದೆ ಕೂರಿಸಿದೆ. ಮೊಣಕಾಲು ತಾಗಲಿಲ್ಲ, ಸಂತೋಷವಾಯಿತು. ಆ ಸಂತೋಷದಲ್ಲಿ ಅವನನ್ನು ಎಬ್ಬಿಸಿ ಕಳಿಸುವುದು ಮರೆತೇಹೋಯಿತು.

ಯಾವುದರಿಂದ ಮಾಡಿದ್ದು ಎಂದು ನಾವು ಹೇಳದಿದ್ದರೆ ನಮ್ಮ ಕಂಪ್ಯೂಟರು ಎಲ್ಲವನ್ನೂ ಕಬ್ಬಿಣ ಎಂದೇ ತಿಳಿಯುತ್ತದೆ. ಪಟ್ಟಿಯಲ್ಲಿ ಟೇಬಲ್ಲಿನ ಕಾಲು, ಅಡ್ಡಪಟ್ಟಿ, ಬೋಲ್ಟು ಎಲ್ಲ ಆದಮೇಲೆ ಕೊನೆಯಲ್ಲಿ ಬಂತು: ಮನುಷ್ಯ, ಒಂದು, ಕಬ್ಬಿಣ. ತೂಕ ಅರ್ಧ ಟನ್ನಿಗಿಂತ ಮೇಲೆ.

ಸ್ಟೋರಿನ ಅಕ್ಕ ಪಟ್ಟಿ ಹಿಡಿದುಕೊಂಡು ಬಂದು, ಎಲ್ಲರ ಎದುರಿಗೇ, "ಇವರನ್ನ ಯಾವ ಅಂಗಡಿಯಿಂದ ತರಿಸೋದು ಮೇಡಂ?" ಎಂದು ಕೇಳಿದರು. ವರ್ಕ್‌ಶಾಪಿಗೆ ವರ್ಕ್‌ಶಾಪೇ ನಕ್ಕಿತು. ಪಾಪ, ಅಕ್ಕನ ಮುಖ ಕೆಂಪಾಯಿತು. ಇನ್ನು ಮೇಲೆ ಪಟ್ಟಿಯಲ್ಲಿ ಏನಿದ್ದರೂ ಬಾಯಿಬಿಟ್ಟು ಕೇಳುವುದಿಲ್ಲ ಎಂದು ಅವತ್ತೇ ಅವರು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರಂತೆ. ಅದರ ಫಲ ಮುಂದೆ ಹೇಳುತ್ತೇನೆ.

ಅಷ್ಟು ಹೊತ್ತಿಗೆ ಯಜಮಾನರು ಪಟ್ಟಿಯ ಒಟ್ಟು ತೂಕ ನೋಡಿ ದೊಡ್ಡ ಲಾರಿಯನ್ನೇ ಕರೆಸಿಬಿಟ್ಟಿದ್ದರು. ಡ್ರೈವರು ಬಂದು ನೋಡಿದ. ಇರುವುದು ಒಂದೇ ಟೇಬಲ್ಲು. ಮಿಕ್ಕ ಲೋಡು ಎಲ್ಲಿ ಅಂತ ಮೇಸ್ತ್ರಿಯನ್ನು ಕೇಳಿದ.

ಮೇಸ್ತ್ರಿ ತಲೆ ಎತ್ತದೆ ಹೇಳಿದ: "ಊಟಕ್ಕೋಗವ್ನೆ, ಬತ್ತಾನೆ ಇರು."

ಕುಂಕುಮದ ಕೆಳಗೆ

ನಮ್ಮ ಮೇಸ್ತ್ರಿ ನನಗಿಂತ ದೊಡ್ಡ ಭಕ್ತ. ಆಯುಧಪೂಜೆಯ ದಿನ ಅವನ ಕೈಗೆ ವಿಭೂತಿ ಕುಂಕುಮ ಸಿಕ್ಕಿದರೆ ಆಯಿತು, ಕಟಿಂಗ್ ಮೆಷಿನ್ನು, ಗ್ರೈಂಡರು, ಸುತ್ತಿಗೆ, ಕಾಫಿ ಫ್ಲಾಸ್ಕು, ಯಜಮಾನರ ಸ್ಕೂಟರು, ಒಂದನ್ನೂ ಬಿಡುವುದಿಲ್ಲ. ಆ ವರ್ಷ ಕಟಿಂಗ್ ಮೆಷಿನ್ನಿಗೆ ಅಂಟಿಸಿದ್ದ ನನ್ನ ಪಟ್ಟಿಗೂ ಧಾರಾಳವಾಗಿ ಹಚ್ಚಿದ. ಪಟ್ಟಿಯೂ ಆಯುಧವೇ ಅಲ್ಲವೇ ಎಂದು ನನಗೂ ಖುಷಿಯಾಯಿತು.

ಅದು ಸಿದ್ಧಾರ್ಥನಗರದ ಒಂದು ಕಲ್ಯಾಣ ಮಂಟಪಕ್ಕೆ ಪಾತ್ರೆ ಇಡುವ ರ‍್ಯಾಕುಗಳ ಪಟ್ಟಿ. ಕಾಲುಗಳ ಉದ್ದ ಸಾವಿರದ ನಾನೂರು ಮಿಲಿಮೀಟರ್. ಕುಂಕುಮದ ಬೊಟ್ಟು ಸರಿಯಾಗಿ ಆ ಮೊದಲನೇ ಅಂಕಿಯ ಮೇಲೆ ಕೂತಿತ್ತು. ವಿಜಯದಶಮಿ ಕಳೆದು ಕೆಲಸ ಶುರುವಾದಾಗ ಮೇಸ್ತ್ರಿ ಅಷ್ಟೂ ಕಾಲುಗಳನ್ನು ನಾನೂರಕ್ಕೆ ಕತ್ತರಿಸಿ ಜೋಡಿಸಿಯೂ ಬಿಟ್ಟ.

ರ‍್ಯಾಕು ಇಷ್ಟು ಗಿಡ್ಡ ಆಗುತ್ತದಲ್ಲ, ನಿನಗೆ ಅನುಮಾನ ಬರಲಿಲ್ಲವೇನಪ್ಪ ಎಂದು ಯಜಮಾನರು ಕೇಳಿದರು. ಅನುಮಾನ ಬಂತಂತೆ. "ಆದ್ರೆ ದೇವ್ರಿಗೆ ಇಟ್ಟ ಕುಂಕುಮ ಸಾರ್. ಕೆಳಗೆ ಏನೈತೆ ಅಂತ ಉಜ್ಜಿ ನೋಡಕ್ಕಾಯ್ತದಾ?"

ಕಲ್ಯಾಣ ಮಂಟಪದ ಮ್ಯಾನೇಜರು ಬಂದು ಆ ಮೊಣಕಾಲೆತ್ತರದ ರ‍್ಯಾಕುಗಳನ್ನು ಒಂದು ಸುತ್ತು ಹಾಕಿ ನೋಡಿದರು. "ಏನ್ರೀ ಇದು, ನಮ್ಮ ಪಾತ್ರೆಗಳೂ ನೆಲದ ಪಂಕ್ತೀಲೇ ಕೂರಬೇಕಾ?"

ಮೊದಲ ಪೂಜೆ

ಯಜಮಾನರು ಜೋರು ಮಾತಾಡುವವರಲ್ಲ. ಗಿಡ್ಡ ಕಾಲುಗಳ ರಾಶಿಯನ್ನು ಗುಜರಿಗೆ ಕಳಿಸಿದ ದಿನ ನನ್ನನ್ನು ಕರೆದು ಮೆಲ್ಲಗೆ ಹೇಳಿದರು. "ನೋಡಮ್ಮ, ಇನ್ನೊಂದು ಸಲ ಪಟ್ಟಿಯಿಂದ ಎಡವಟ್ಟಾದ್ರೆ ಕಂಪ್ಯೂಟರನ್ನ ಮನೆಗೆ ತಗೊಂಡೋಗಿ ಮೊಮ್ಮಕ್ಕಳಿಗೆ ಕೊಟ್ಟುಬುಡ್ತೀನಿ. ಪಟ್ಟಿ ನಾನೇ ಕೈಯಲ್ಲಿ ಬರ್ಕೋತೀನಿ, ಮೊದಲು ಬರೀತಿರಲಿಲ್ವಾ? ನೀನು ಬೇರೆ ಕಡೆ ನೋಡ್ಕೋಬೇಕಾಗುತ್ತೆ ಕಣಮ್ಮ."

ಈ ಕೆಲಸದ ಮೇಲೆಯೇ ನಮ್ಮ ಮನೆ ನಡೆಯುವುದು. ಸಂಜೆ ದೀಪ ಹಚ್ಚುವಾಗ ಹೊಳೆಯಿತು: ಇಷ್ಟು ದಿನ ಎಲ್ಲ ಜೋಡಣೆಯನ್ನೂ ನಾನು ಪೈಪಿನಿಂದ ಶುರು ಮಾಡುತ್ತಿದ್ದೆ, ಗಣಪತಿಯಿಂದ ಅಲ್ಲ. ವಿಘ್ನ ಬರದೆ ಇನ್ನೇನು?

ಮುಂದಿನ ಆರ್ಡರು ಮಂಡಕಳ್ಳಿ ರಸ್ತೆಯಲ್ಲಿ ಹೊಸದಾಗಿ ತೆರೆಯುವ ಒಂದು ಹೋಟೆಲಿನದು. ನಲವತ್ತು ಊಟದ ಟೇಬಲ್ಲು, ಒಂದೊಂದಕ್ಕೂ ಕಾಲಾಗಿ ಒಂದೇ ತರದ ಎರಡು ಫ್ರೇಮು. ಕಂಪ್ಯೂಟರಿನಲ್ಲಿ ಮೊದಲು ಇಟ್ಟ ವಸ್ತು ಅಲುಗದೆ ನಿಲ್ಲುತ್ತದೆ, ಮಿಕ್ಕವನ್ನೆಲ್ಲ ಅದಕ್ಕೆ ಹೊಂದಿಸಿ ಕೂರಿಸುತ್ತಾ ಹೋಗಬೇಕು. ನಾನು ಕೈಮುಗಿದು ಹೆಬ್ಬೆರಳಿನಷ್ಟು ಚಿಕ್ಕ ಗಣಪತಿಯೊಂದನ್ನು ಪರದೆಯ ಮೇಲೆ ಬಿಡಿಸಿ ಮೊದಲು ಇಟ್ಟೆ, ಫ್ರೇಮಿನ ಒಳಮಗ್ಗುಲಲ್ಲಿ, ಹಲಗೆಯ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಆಮೇಲೆ ಆತನಿಗೆ ಹೊಂದಿಸಿ ಪೈಪುಗಳನ್ನು ಜೋಡಿಸಿದೆ. ಪಟ್ಟಿಯಲ್ಲಿ ಒಂದೊಂದು ಅಳತೆಯನ್ನೂ ತಾಳೆ ನೋಡಿದೆ. ಮನುಷ್ಯರು ಯಾರಾದರೂ ಕೂತಿದ್ದಾರೋ ಎಂದು ಎರಡೆರಡು ಸಲ ಹುಡುಕಿದೆ. ಗಣಪತಿಯನ್ನು ಮಾತ್ರ ನೋಡಲಿಲ್ಲ. ದೇವರನ್ನು ಚೆಕ್ ಮಾಡುವುದುಂಟೇ?

ಪಟ್ಟಿ ಕೊಟ್ಟು, ನೆಮ್ಮದಿಯಾಗಿ ತಂಗಿಯ ಮನೆಯ ಭಾಗವತ ಸಪ್ತಾಹಕ್ಕೆ ಹೋದೆ.

ವಾಪಸ್ ಬಂದಾಗ ಟೇಬಲ್ಲುಗಳು ಸಾಲಾಗಿ ನಿಂತಿದ್ದವು. ಹೋಟೆಲಿನ ಯಜಮಾನರು ನೋಡಲು ಬಂದಿದ್ದರು. ಹಲಗೆ ತಟ್ಟಿ ನೋಡಿದರು, ಅಲುಗಾಡಿಸಿ ನೋಡಿದರು, ಚೆನ್ನಾಗಿದೆ ಅಂದರು. ಆಮೇಲೆ ಕೂತು ನೋಡಿದರು. ಕೂತವರು ಹಾಗೇ ಕೈಯನ್ನು ಮೊಣಕಾಲಿನ ಹತ್ತಿರ ಹಲಗೆಯ ಕೆಳಗೆ ಇಳಿಸಿ, ಸವರಿ, ಬಗ್ಗಿ ನೋಡಿದರು. ಪಕ್ಕದ ಟೇಬಲ್ಲಿಗೆ ಹೋಗಿ ಅಲ್ಲೂ ಬಗ್ಗಿದರು.

ಎಲ್ಲ ಫ್ರೇಮಿನಲ್ಲೂ ಒಬ್ಬೊಬ್ಬ ಕಬ್ಬಿಣದ ಗಣಪತಿ.

ಫ್ರೇಮಿಗೊಂದರಂತೆ ಲೆಕ್ಕವಾಗಿ ಪಟ್ಟಿಯಲ್ಲಿ ಬಂದಿತ್ತಂತೆ: ಗಣಪತಿ, ಎಂಬತ್ತು, ಕಬ್ಬಿಣ. ಸ್ಟೋರಿನ ಅಕ್ಕ ಹಿಂದೆ ಕೇಳಿ ನಗೆಪಾಟಲಾಗಿದ್ದರಲ್ಲ, ಈ ಸಲ ತುಟಿ ಬಿಚ್ಚದೆ ತಗಡು ಕತ್ತರಿಸುವವರ ಹತ್ತಿರ ಎಂಬತ್ತೂ ಮಾಡಿಸಿ ತಂದಿದ್ದರು. ಮೇಸ್ತ್ರಿ ಪಟ್ಟಿಯ ಜೊತೆಗಿದ್ದ ಚಿತ್ರದಲ್ಲಿ ತೋರಿಸಿದ ಜಾಗದಲ್ಲೇ ಒಂದೊಂದು ಬೊಟ್ಟು ವೆಲ್ಡಿಂಗ್ ಇಟ್ಟು ಭಕ್ತಿಯಿಂದ ಪ್ರತಿಷ್ಠಾಪಿಸಿದ್ದ.

ಹೋಟೆಲಿನ ಯಜಮಾನರೂ ದೈವಭಕ್ತರೇ. ನೊಂದುಕೊಂಡು ಹೇಳಿದರು: "ನಮ್ಮದು ಮಿಲ್ಟ್ರಿ ಹೋಟ್ಲು ಕಣ್ರೀ. ಕಾಲುಸೂಪು ಕುಡಿಯೋರ ಮೊಣಕಾಲಿಗೆ ಗಣಪತಿ ತಾಗ್ತಾನಲ್ರೀ. ನಾಳೆ ಬೆಳಗ್ಗೆ ಓಪನಿಂಗು. ಸಂಜೆ ಒಳಗೆ ತೆಗೆದುಕೊಡಿ, ಇಲ್ಲಾಂದ್ರೆ ಟೇಬಲ್ಲೇ ಬೇಡ."

ನಮ್ಮ ಯಜಮಾನರು ನನ್ನ ಕಡೆ ನೋಡಲೇ ಇಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಮೇಸ್ತ್ರಿಗೆ ಗ್ರೈಂಡರ್ ತಗೋ ಅಂದರು. ಮೇಸ್ತ್ರಿ ಕೈ ಹಿಂದಕ್ಕೆ ಕಟ್ಟಿಕೊಂಡ. "ಕೆಲಸ ಬೇಕಾದ್ರೆ ಬುಡ್ತೀನಿ ಸಾರ್. ದೇವ್ರ ಮೇಲೆ ಗ್ರೈಂಡರ್ ಹಾಕಕಿಲ್ಲ." ಸುತ್ತಿಗೆ? ಅದಂತೂ ಆಗದು. ಮಿಕ್ಕವರನ್ನು ಕೇಳುವ ಮೊದಲೇ ಒಬ್ಬೊಬ್ಬರಾಗಿ ಟೀ ಕುಡಿಯಲು ಹೊರಟಿದ್ದರು.

ನಾನು ಕಣ್ಣುಮುಚ್ಚಿ ಗಣಪತಿಯನ್ನೇ ಕೇಳಿದೆ. ಹೊಳೆದದ್ದು ಚೌತಿ. ಮನೆಯಲ್ಲಿ ಗಣಪತಿಯನ್ನು ಕಳಿಸುವ ಮುನ್ನ ಏನು ಮಾಡುತ್ತೇವೆ? ಮಂಗಳಾರತಿ ಎತ್ತಿ, ಹೋಗಿ ಬಾರಪ್ಪ ಎಂದು ಬೇಡಿಕೊಂಡು, ಕೂತಲ್ಲಿಂದ ಸ್ವಲ್ಪ ಕದಲಿಸುತ್ತೇವೆ. ಒಂದೇ ಬೊಟ್ಟಿನ ವೆಲ್ಡಿಂಗು. ಕದಲಿಸಿದರೆ ಬಿಡದೆ ಇರುತ್ತದೆಯೇ?

ಮೇಸ್ತ್ರಿಗೆ ಹೇಳಿದೆ. ಅವನು ಯೋಚಿಸಿ, "ಕದಲ್ಸೋದಾದ್ರೆ ಸರಿ. ಅದು ಶಾಸ್ತ್ರದಲ್ಲೈತೆ" ಅಂದ. ಸ್ಟೋರಿನ ಅಕ್ಕ ಕರ್ಪೂರ ತಂದರು. ನಾನು ಆರತಿ ಹಿಡಿದುಕೊಂಡು ಟೇಬಲ್ಲಿಂದ ಟೇಬಲ್ಲಿಗೆ ಬಗ್ಗುತ್ತಾ ಹೋದೆ. ಹಿಂದೆಯೇ ಮೇಸ್ತ್ರಿ ಕೈ ತೊಳೆದುಕೊಂಡು, ಇಕ್ಕಳಕ್ಕೆ ಹೊಸ ಬಟ್ಟೆ ಸುತ್ತಿಕೊಂಡು, "ಓಗ್ಬಾ ನಮ್ಮಪ್ಪ" ಎನ್ನುತ್ತಾ ಕದಲಿಸಿದ. ಟಕ್ಕೆಂದು ಗಣಪತಿ ಅಂಗೈಗೆ ಬಂದ. ಬಿಸಿ ಕಬ್ಬಿಣ ತಣಿಸುವ ಡ್ರಮ್ಮಿಗೆ ಹೊಸ ನೀರು ತುಂಬಿಸಿ ಎಲ್ಲರನ್ನೂ ವಿಸರ್ಜಿಸಿದೆವು. ಇಳಿಹೊತ್ತಿಗೆ ಲಾರಿ ತುಂಬಿತು. ಹೋಟೆಲಿನ ಯಜಮಾನರು ಆರತಿ ತೆಗೆದುಕೊಂಡು, ಇಂಥವೇ ಇನ್ನೂ ನಾಲ್ಕು ಟೇಬಲ್ಲು ಬೇಕು, ಗಣಪತಿ ಇಲ್ಲದೆ ಎಂದು ಹೇಳಿ, ಕಡುಬು ಇಲ್ವಾ ಎಂದು ಕೇಳಿ ಹೋದರು.

ಈಗ ನನ್ನ ಸರದಿ. ನಮ್ಮ ಯಜಮಾನರು ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು. "ನನ್ನ ಕಣ್ಣೆದುರಿಗೇ ಅಳಿಸಮ್ಮ. ಆಮೇಲೆ ನಿನ್ನ ವಿಷಯ ಮಾತಾಡೋಣ."

ಗಣಪತಿಗೆ ಕೈಮುಗಿದು ಅಳಿಸಿದೆ. ಆ ಕ್ಷಣ ಪರದೆಯ ತುಂಬಾ ಕೆಂಪು. ಪ್ರತಿ ಪೈಪಿನ ಹೆಸರಿನ ಮುಂದೂ ತಪ್ಪಿನ ಗುರುತು. ಗಾಬರಿಯಲ್ಲಿ ಮೌಸ್ ತಾಗಿ ಕಾಲೊಂದು ಕಡೆ, ಹಲಗೆಯೊಂದು ಕಡೆ ತೇಲಿಹೋಯಿತು.

"ಇದೇನಮ್ಮ ಇದು?"

"ಎಲ್ಲಾ ಅವನನ್ನೇ ಆಧಾರವಾಗಿ ಹಿಡಿದುಕೊಂಡಿದ್ವು ಸಾರ್. ಅವನು ಹೋದ, ಬಿದ್ದುಹೋಯ್ತು."

ಯಜಮಾನರು ಆ ಚೆಲ್ಲಾಪಿಲ್ಲಿಯನ್ನು ನೋಡಿ ಎದ್ದು ನಿಂತರು. ಚಪ್ಪಲಿ ಬಿಟ್ಟರು. "ವಾಪಸ್ ಕೂರಿಸು. ಬೇಗ ಕೂರಿಸು."

ಕೂರಿಸಿದೆ. ಕೆಂಪೆಲ್ಲ ಮಾಯವಾಗಿ ಟೇಬಲ್ಲು ಎದ್ದು ನಿಂತಿತು. ಜೋಡಣೆಯಲ್ಲಿ ಇರಲಿ, ಪಟ್ಟಿಯಲ್ಲಿ ಎಣಿಸಬೇಡ ಎಂದು ಕಂಪ್ಯೂಟರಿಗೆ ಹೇಳುವ ಒಂದು ಗುರುತಿದೆ. ಅದನ್ನು ಹಾಕಿ ತೋರಿಸಿದೆ. ಹೊಸ ಪಟ್ಟಿಯಲ್ಲಿ ಗಣಪತಿ ಇರಲಿಲ್ಲ. ಯಜಮಾನರು ನನ್ನ ವಿಷಯ ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ. ಪಟ್ಟಿ ಕೈಗೆ ತೆಗೆದುಕೊಂಡು, ಅದರಲ್ಲಿ ಆತ ಇಲ್ಲದ್ದು ಮನಸ್ಸಿಗೆ ಸಮಾಧಾನವಾಗದೆ, ಜೇಬಿನಿಂದ ಪೆನ್ನು ತೆಗೆದು ಮೇಲ್ಗಡೆ ತಾವೇ 'ಶ್ರೀ' ಎಂದು ಬರೆದು ಕೆಳಗೆ ಕಳಿಸಿದರು.

ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಪಟ್ಟಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ.

"ಮೇಡಂ, ಮೊದಲನೇ ಐಟಮ್ಮಿಗೆ ಉದ್ದ ಹಾಕಿಲ್ವಲ್ಲ, ಎಷ್ಟಕ್ಕೆ ಕಟ್ ಮಾಡ್ಲಿ?"