ಮಾದರಿ ಬಾಟಲಿಗೆ ಬಗ್ಗಿ ನೋಡಿದ್ದು

ಪಂಪು ಕೈಕೊಡಬಹುದಿತ್ತು. ಕರೆಂಟು ಹೋಗಬಹುದಿತ್ತು. ತೊಟ್ಟಿಯ ಮೇಲೆ ತೇಲುವ ಎಣ್ಣೆಯನ್ನು ನೆಕ್ಕಿ ತೆಗೆಯುವ ಬೆಲ್ಟು ಹರಿಯಬಹುದಿತ್ತು. ಪಟಿಕದ ಅಳತೆ ತಪ್ಪಿ, ಹಾಲಿನಂತೆ ಒಡೆದು ತಿಳಿಯಾಗಬೇಕಾದ ನೀರು ಗಂಜಿಯಂತೆ ಹಾಗೇ ಉಳಿಯಬಹುದಿತ್ತು. ತಳದಿಂದ ಗುಳ್ಳೆ ಬಿಟ್ಟು ಎಣ್ಣೆಯ ಕಣಗಳನ್ನು ಮೇಲೆತ್ತುವ ಯಂತ್ರ ಗೊರಗೊರ ಎಂದು ನಿಂತುಬಿಡಬಹುದಿತ್ತು. ಕೊನೆಯ ತೊಟ್ಟಿಯಲ್ಲಿ ಉಳಿದ ಕೊಳೆ ತಿಂದು ಬದುಕುವ ಸೂಕ್ಷ್ಮಜೀವಿಗಳು, ಇದು ಕೇರಳ ನೋಡಿ, ಸೂಚನೆಯಿಲ್ಲದೆ ಹರತಾಳ ಹೂಡಬಹುದಿತ್ತು. ಇಷ್ಟನ್ನೂ ನಾನು ಒಂದು ವಾರದಿಂದ ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಊಟದ ಮಧ್ಯೆ ಒಂದೊಂದಾಗಿ ಚಿಂತಿಸಿ ಮುಗಿಸಿದ್ದೆ. ಚಿಂತಿಸದೆ ಬಿಟ್ಟದ್ದೇ ಕೆಡುತ್ತದೆ ಎಂಬುದು ನನ್ನ ಮೂಢನಂಬಿಕೆ. ಆದ್ದರಿಂದ ಯಾವುದನ್ನೂ ಬಿಡುವುದಿಲ್ಲ. ಸುಸ್ತಾಗುತ್ತದೆ, ಅಷ್ಟೆ.

ನಾನಿರುವುದು ಕೊಚ್ಚಿಯ ಹೊರಗೆ, ತೆಂಗಿನೆಣ್ಣೆಯಲ್ಲಿ ನೇಂದ್ರಬಾಳೆಯ ಚಿಪ್ಸ್ ಕರಿಯುವ ಕಾರ್ಖಾನೆಯಲ್ಲಿ. ಚಿಪ್ಸ್ ಊರಿಗೆ; ಬಾಣಲೆ ಮತ್ತು ನೆಲ ತೊಳೆದ ನೀರು ನನಗೆ. ಅದರಿಂದ ಎಣ್ಣೆ ಬಿಡಿಸಿ, ಪಕ್ಕದ ತೋಡಿಗೆ, ಅಂದರೆ ಕಾಲುವೆಗೆ, ಬಿಡುವಷ್ಟು ಶುದ್ಧ ಮಾಡುವುದು ನನ್ನ ಹೊಟ್ಟೆಪಾಡು. ಆ ದಿನ ತಿರುವನಂತಪುರದಿಂದ ತಪಾಸಣೆಯ ಮೇಡಂ ಬರುವವರಿದ್ದರು. ಮಾದರಿಯಲ್ಲಿ ಎಣ್ಣೆ ಕಂಡರೆ ಪರವಾನಗಿ ನವೀಕರಣವಿಲ್ಲ. ಓಣಂ ಹೊಸ್ತಿಲಲ್ಲಿ ಒಲೆಗಳು ಆರುತ್ತವೆ. “ಒಲೆ ಆರಿದರೆ ಮೊದಲು ಮನೆಗೆ ಹೋಗುವವರು ನೀವೇ” ಎಂದು ಮಾಲೀಕರು ನಗುತ್ತಲೇ ಹೇಳಿದ್ದರು. ಅವರು ನಕ್ಕರೆ ನನ್ನ ಚಿಂತೆಯ ಪಟ್ಟಿಗೆ ಇನ್ನೊಂದು ಸೇರುತ್ತದೆ.

ಬೆಳಿಗ್ಗೆ ಎಡಪ್ಪಳ್ಳಿಯ ಮನೆಯಲ್ಲಿ ಹೆಂಡತಿ ಗೀತಾ ನನ್ನ ತಲೆ ಮುಟ್ಟಿ ನೋಡಿ, “ಅಯ್ಯೋ, ನೆತ್ತಿ ಮೇಲೆ ದೋಸೆ ಹುಯ್ಯಬಹುದು ರೀ!” ಎಂದು ಅಂಗೈ ತುಂಬ ಹರಳೆಣ್ಣೆ ಸುರಿದು ತಟ್ಟಿದಳು. ತೆಂಗಿನೆಣ್ಣೆಯ ನಾಡಿಗೆ ಬಂದು ಹದಿನೈದು ವರ್ಷವಾದರೂ ತಲೆಯ ಕಾವಿಗೆ ನಮಗೆ ಮೈಸೂರಿನ ಹರಳೆಣ್ಣೆಯೇ ಮದ್ದು. “ಇವತ್ತು ಬೇಡ ಕಣೇ” ಎಂದೆ. “ಕಾರ್ಖಾನೇಲಿ ಹೆಲ್ಮೆಟ್ ಹಾಕ್ಕೋತೀರಲ್ಲ, ಯಾರು ನೋಡ್ತಾರೆ? ಸಂಜೆ ತಲೆಗೆ ನೀರು ಹಾಕ್ಕೊಂಡರಾಯ್ತು.”

ಮೇಡಂ ಬಂದರು. ಪಂಪು ಓಡಿತು. ಬೆಲ್ಟು ನೆಕ್ಕಿತು. ಗುಳ್ಳೆ ಎದ್ದವು. ಸೂಕ್ಷ್ಮಜೀವಿಗಳು ಕೆಲಸಕ್ಕೆ ಹಾಜರಿದ್ದವು. ಎಲ್ಲ ಸರಿಯಿದ್ದದ್ದೇ ನನಗೆ ಅನುಮಾನ ತಂದಿತು. ನಮ್ಮ ಆಪರೇಟರ್ ಸಾಬು ಗಾಜಿನ ಬಾಟಲಿಗೆ ನೀರು ಹಿಡಿದು, “ನೋಕ್ಕಂಡಾ ಸಾರೇ, ನಲ್ಲ ವೆಳ್ಳಂ” ಎಂದ. ಒಳ್ಳೆ ನೀರು, ನೋಡುವುದೇ ಬೇಡವಂತೆ. ನೋಡದಿದ್ದರೆ ನಾನು ನಾನೇ? ಹೆಲ್ಮೆಟ್ ತೆಗೆದು ಬಾಟಲಿಯ ಬಾಯಿಗೇ ಬಗ್ಗಿದೆ. ಹಣೆಯಿಂದ ಒಂದೇ ಒಂದು ಹನಿ ಬೆವರು ಟಪ್ಪೆಂದು ಒಳಗೆ ಬಿತ್ತು. ನೀರಿನ ಮೇಲೆ ಕಾಮನಬಿಲ್ಲು ಹರಡಿತು.

“ಇದೆಂದಾ ಸಾರೇ?” ಇದೇನೆಂದು ಕೇಳುತ್ತ ಮೇಡಂ ಬಾಟಲಿ ಎತ್ತಿ ಮೂಸಿದರು. ನನ್ನ ಕಣ್ಣ ಮುಂದೆ ಒಲೆಗಳು ಒಂದೊಂದಾಗಿ ಆರಿದವು. ಅವರು ಮತ್ತೊಮ್ಮೆ ಮೂಸಿ, “ವೆಳಿಚ್ಚೆಣ್ಣ ಅಲ್ಲಲ್ಲೋ” ಎಂದು ಹುಬ್ಬು ಗಂಟಿಕ್ಕಿದರು. ತೆಂಗಿನೆಣ್ಣೆಯಲ್ಲ, ನಿಜ. ಅವರ ದೃಷ್ಟಿ ಬಾಟಲಿಯಿಂದ ನಿಧಾನವಾಗಿ ಮೇಲೇರಿ ನನ್ನ ನೆತ್ತಿಯಲ್ಲಿ ಬಂದು ನಿಂತಿತು. ಸಾಬು ತೊಟ್ಟಿಯ ಕಡೆ ತಿರುಗಿ ಭುಜ ಕುಣಿಸತೊಡಗಿದ.

ಎರಡನೆಯ ಬಾಟಲಿ ತುಂಬುವಾಗ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದ್ದರು. ಅದರ ವರದಿ ಚೊಕ್ಕವಾಗಿ ಬಂತು, ಒಲೆಗಳು ಉರಿಯುತ್ತಿವೆ. ಅಂದು ತಪಾಸಣೆಯ ಪುಸ್ತಕದಲ್ಲಿ ಮೇಡಂ ಬರೆದ ಆಕ್ಷೇಪಣೆ ಒಂದೇ: ಮಾದರಿ ತೆಗೆಯುವಾಗ ಮೇಲ್ವಿಚಾರಕರು ದೂರವಿರತಕ್ಕದ್ದು. ಹಣೆ ಒರೆಸಿಕೊಂಡು ಅದರ ಕೆಳಗೆ ಸಹಿ ಹಾಕಿದೆ. ಹೆಬ್ಬೆರಳು ತಗುಲಿದ ಕಡೆ ಕಾಗದ ಎಣ್ಣೆ ಹೀರಿ, ಹಿಂದಿನ ಪುಟದ ಅಕ್ಷರ ಕಾಣತೊಡಗಿತು.