ಹಸುವಿಗೆ ಹೇಳಿದ ಕೊನೆಯಾಸೆ

ವಾಸಿಯಾಗದ ಕಾಯಿಲೆಯವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ನರ್ಸ್ ನಾನು. ಕೊಳ್ಳೇಗಾಲದಲ್ಲಿ ಸ್ಕೂಟರ್ ಹತ್ತಿದರೆ ಒಂದು ದಿನ ಹನೂರಿನ ಕಡೆ, ಇನ್ನೊಂದು ದಿನ ಯಳಂದೂರಿನ ಕಡೆ. ಬಿಪಿ ನೋಡಿ, ಮಾತ್ರೆ ಕೊಟ್ಟು, ಕೊನೆಗೆ ಮೆಲ್ಲಗೆ ಕೇಳುತ್ತೇನೆ: "ಕಾಯಿಲೆ ಜಾಸ್ತಿಯಾದರೆ ನಿಮಗೆ ಏನು ಬೇಕು, ಏನು ಬೇಡ?" ಈ ಪ್ರಶ್ನೆ ಕೇಳಿದ ಕಡೆಯೆಲ್ಲ ಅಳು ಬರುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ನನಗೋ ನಗು ತಡೆದುಕೊಳ್ಳುವುದೇ ದೊಡ್ಡ ಡ್ಯೂಟಿ.

ಮುಂಗಡ ಎಡೆ

ಸತ್ತೇಗಾಲದ ತಾತನಿಗೆ ಹೀಗೆ ಕೇಳಿದ್ದೇ ತಡ, ಮಗ ಅಡ್ಡ ಬಂದ: "ಬುಡ್ತು ಅನ್ನಿ ಸಿಸ್ಟರ್!"

ತಾತ ಬಿಡಲಿಲ್ಲ. "ಸುಮ್ಕಿರ್ಲಾ. ಸಿಸ್ಟರ್, ನಾ ಸತ್ ಮೇಲೆ ಮಾರ್ನಮಿಗೆ ಇವ್ರು ಎಡೆ ಇಕ್ತಾರಲ್ಲ, ಕೋಳಿ ಸಾರು, ವಡೆ, ಕಜ್ಜಾಯ, ಅದ್ನ ಈಗ್ಲೇ ಇಕ್ಕುಸ್ಬುಡಿ. ಆಗ ಇಕ್ಕುದ್ರೆ ಇವ್ರೇ ತಿಂತಾರೆ ಕಣವ್ವ."

ಡಾಕ್ಟರನ್ನು ಕೇಳಿ ಹೂಂ ಅಂದೆ. ಮುಂದಿನ ಸಲ ಹೋದಾಗ ಮಗ ತಲೆ ಕೆರೆದುಕೊಂಡ. "ಅಪ್ಪಂಗೆ ವರ್ಷಕ್ಕೊಂದ್ ಎಡೆ ಸಾಲ್ದಂತೆ ಸಿಸ್ಟರ್. ವಾರಕ್ಕೊಂದ್ ಬೇಕಂತೆ."

ಗೌರಿ

ಮಾಂಬಳ್ಳಿಯ ಅಜ್ಜಿಗೆ ಉಸಿರಿನ ಕಾಯಿಲೆ. ಅತ್ತೆ ಸೊಸೆ ನೇರವಾಗಿ ಮಾತಾಡಿ ವರ್ಷಗಳಾಗಿದ್ದವು. ಸಾರಿಗೆ ಉಪ್ಪು ಕಮ್ಮಿ ಅಂತ ಶುರುವಾದ ಜಗಳವಂತೆ. ಏನಿದ್ದರೂ ಜಗುಲಿಯ ಪಕ್ಕದಲ್ಲಿ ಕಟ್ಟಿದ ಹಸುವಿನ ಮೂಲಕ.

"ಲೇ ಗೌರಿ, ಮಾತ್ರೆ ನುಂಗಾಯ್ತಾ ಕೇಳು."

"ಲೇ ಗೌರಿ, ನುಂಗಿವ್ನಿ ಅನ್ನು. ಕಾಪಿ ಆರೋಗದೆ ಅಂತ್ಲೂ ಅನ್ನು."

ಗೌರಿ ಮೆಲುಕು ಹಾಕುತ್ತಾ ಇಬ್ಬರನ್ನೂ ಸಂಭಾಳಿಸುತ್ತಿತ್ತು. ಒಂದು ದಿನ ನಾನೂ ಅದೇ ಗುಂಗಿನಲ್ಲಿ, "ಗೌರಿ, ಅಜ್ಜಿ ಚೆನ್ನಾಗಿ ನಿದ್ದೆ ಮಾಡಿದ್ರಾ?" ಅಂದುಬಿಟ್ಟೆ. ಅತ್ತೆ ಸೊಸೆ ಇಬ್ಬರೂ ನನ್ನ ಮುಖ ನೋಡಿದರು.

"ಅಸೂನ ಯಾಕ್ ಕೇಳೀರಿ ಸಿಸ್ಟರ್? ಅದ್ಕೇನ್ ಗೊತ್ತಾದದು?"

ಪರವಾಗಿ ಮಾತಾಡುವವರು

"ನಿಮಗೆ ಮಾತಾಡಲು ಆಗದಿದ್ದಾಗ ನಿಮ್ಮ ಪರವಾಗಿ ಯಾರು ಹೇಳಬೇಕು?" ಅಂತ ಅಜ್ಜಿಯನ್ನು ಕೇಳಿದೆ. ಅವರು ಸೊಸೆಯಿದ್ದ ಅಡುಗೆಮನೆಯ ಕಡೆ ಕೈ ತೋರಿಸಿದರು. ಪಕ್ಕದಲ್ಲೇ ಕೂತಿದ್ದ ಮಗ ಬೆಚ್ಚಿಬಿದ್ದ.

"ನೀನು ಅಳ್ಕಂಡು ನನ್ ಗಂಟ್ಲಿಗೆ ಪೈಪ್ ಆಕುಸ್ತೀಯ ಕಣ್ಲಾ. ನಾ ಈ ಜಗ್ಲಿ ಮ್ಯಾಲೇ ಓಗ್ಬೇಕು, ಮಿಷನ್ ಮದ್ಯ ಅಲ್ಲ. ಅವ್ಳಿಗೆ ನನ್ ಕಂಡ್ರೆ ಆಗಕಿಲ್ಲ. 'ಸಾಕು, ಮನೆಗ್ ಕರ್ಕಂಡ್ ನಡೀರಿ' ಅನ್ನೋಳು ಅವ್ಳೊಬ್ಳೇ."

ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು. "ಗೌರಿ, ಅಂಗೇ ಅಂತೀನಿ ಅಂತ ಹೇಳು!"

ಆಸ್ಪತ್ರೆಯಲ್ಲಿ

ಉಸಿರು ತೀರಾ ಕೆಟ್ಟು ಅಜ್ಜಿಯನ್ನು ಆಸ್ಪತ್ರೆಗೆ ತಂದರು. ನಾನೂ ಓಡಿದೆ. "ಸದ್ಯಕ್ಕೆ ಆಕ್ಸಿಜನ್ ಸಾಕು," ಅಂದರು ಡಾಕ್ಟರು. "ಜಾಸ್ತಿಯಾದರೆ ಪೈಪ್ ಹಾಕಿ ಉಸಿರಾಟದ ಮೆಷಿನ್‌ಗೆ ಸೇರಿಸಬಹುದು. ಆದರೆ ಕಾಯಿಲೆ ವಾಸಿಯಾಗಲ್ಲ. ಏನು ಮಾಡೋಣ?"

ಎಲ್ಲರೂ ಸೊಸೆಯ ಕಡೆ ನೋಡಿದೆವು. ಅವಳು ಗೊಳೋ ಅಂದಳು.

"ಆಕಿ ಸಾ! ಪೈಪು, ಮಿಷನ್ನು, ಎಲ್ಲಾನೂ ಆಕಿ! ಅತ್ತೆಮ್ಮ ಓಯ್ತು ಅಂದ್ರೆ ನಾ ಯಾರ್ ಕುಟ್ಟೆ ಜಗ್ಳ ಆಡ್ಲಿ?"

ಅಜ್ಜಿ ಕಣ್ಣು ಬಿಟ್ಟರು. ಮಾಸ್ಕ್ ಸರಿಸಿ ಸುತ್ತ ನೋಡಿದರು. ಹಸುವಿಲ್ಲ. ಪಕ್ಕದ ಆಕ್ಸಿಜನ್ ಸಿಲಿಂಡರಿನ ಕಡೆ ತಿರುಗಿದರು.

"ಲೇ ಸಿಲಿಂಡ್ರು, ಗಟ್ಟಿಗಿತ್ತಿ ಅಂತ ನಂಬಿದ್ರೆ ಅಳ್ತಾ ನಿಂತವ್ಳಲ್ಲ. ಕೊಟ್ ಮಾತು ಏನಾಯ್ತು ಕೇಳು."

ಸೊಸೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಸಿಲಿಂಡರಿಗೇ ಉತ್ತರ ಕೊಟ್ಟಳು. "ಆಯ್ತು, ಪೈಪ್ ಬ್ಯಾಡ. ಮನೆಗ್ ಕರ್ಕಂಡ್ ಓಯ್ತೀನಿ ಅನ್ನು."

ಡಾಕ್ಟರು ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದರು. "ಹಸುವನ್ನ ವಾರ್ಡಿಗೆ ಬಿಡಲ್ವಲ್ಲ ಸಾರ್," ಅಂದೆ.

ಅಜ್ಜಿ ಚಳಿಗಾಲವೆಲ್ಲ ಜಗುಲಿಯ ಮೇಲೇ ಇದ್ದು, ಅಲ್ಲೇ, ಸೊಸೆಯ ಕೈ ಹಿಡಿದುಕೊಂಡೇ ಹೋದರು. ಬಯಸಿದ ಹಾಗೆಯೇ. ಇಂಥವರು ತಮ್ಮ ಕೊನೆಯ ದಿನಗಳ ಹತ್ತಿರ ನನಗೂ ಒಂದು ಮಣೆ ಹಾಕಿ ಕೂರಿಸಿದರಲ್ಲ, ಆ ಋಣ ದೊಡ್ಡದು.

ತಿಥಿಯ ದಿನ ಹೋಗಿದ್ದೆ. ಸೊಸೆ ಎಡೆಗೆ ಸಾರು ಬಡಿಸಿ, ಕಣ್ಣೊರೆಸಿಕೊಂಡು ಹಸುವಿನ ಹತ್ತಿರ ಬಂದಳು. "ಲೇ ಗೌರಿ, ಇವತ್ತು ಉಪ್ಪು ಸರ್ಯಾಗ್ ಆಕಿವ್ನಿ ಅಂತ ಅತ್ತೆಮ್ಮಂಗೆ ಹೇಳು."

ನೊಣ ಕೂತಿತ್ತೋ ಏನೋ, ಗೌರಿ ಜೋರಾಗಿ ತಲೆ ಅಲ್ಲಾಡಿಸಿತು.

ಸೊಸೆ ನನ್ನ ಕಡೆ ತಿರುಗಿದಳು. "ನೋಡಿದ್ರಾ ಸಿಸ್ಟರ್? ಸತ್ ಮೇಲೂ ಒಪ್ಕಳಕಿಲ್ಲ ಈ ಮುದ್ಕಿ!"